ಗೈಡ್ ಜೊತೆ ಶ್ರೀಲಂಕಾ ಗುಂಪು ಪ್ರವಾಸ: ವ್ಯಾನಿನಲ್ಲೇ ರಜೆ ಮುಗಿಯದ ಹಾಗೆ ಯೋಜಿಸುವ ಕ್ರಮ

ಶ್ರೀಲಂಕಾಕ್ಕೆ ಗುಂಪು ಕಟ್ಟಿಕೊಂಡು ಹೋಗಿಬಂದ ತುಂಬಾ ಜನ ನನ್ನ ಹತ್ತಿರ ಒಂದೇ ಮಾತು ಹೇಳಿದ್ದಾರೆ: "ಎಲ್ಲ ನೋಡಿದೆವು, ಆದರೆ ಯಾವುದೂ ಸರಿಯಾಗಿ ನೆನಪಿಲ್ಲ." ಹಳ್ಳಿ ನೋಡಬೇಕು ಅಂತ ಹೊರಟವರು ಹಳ್ಳಿಯನ್ನು ವ್ಯಾನಿನ ಕಿಟಕಿಯಿಂದ ನೋಡಿ ಬಂದಿರುತ್ತಾರೆ. ದೇವಸ್ಥಾನದ ಪೂಜೆ ನೋಡಬೇಕು ಅಂದವರು ಬಾಗಿಲು ಹಾಕಿದ ಮೇಲೆ ತಲುಪಿರುತ್ತಾರೆ. ಹೋದ ಪುಟ್ಟ, ಬಂದ ಪುಟ್ಟ ಅನ್ನುವ ಹಾಗೆ.

ನಾನು ಮೊದಲ ಸಲ ಕರೆದುಕೊಂಡು ಹೋದ ಗುಂಪಿನಲ್ಲಿ 11 ಜನ ಇದ್ದರು. 7 ರಾತ್ರಿ, 6 ಹೋಟೆಲು. ಐದನೇ ದಿನ ಬೆಳಿಗ್ಗೆ ಗುಂಪಿನ ಹಿರಿಯರೊಬ್ಬರು ಸೂಟ್‌ಕೇಸಿನ ಜಿಪ್ ಎಳೆಯುತ್ತಾ ಕೇಳಿದರು, "ಇವತ್ತು ನಾವು ಯಾವ ಊರಲ್ಲಿದ್ದೀವಿ ಮಗಾ?" ಅವತ್ತೇ ನನಗೆ ತಪ್ಪು ಎಲ್ಲಿ ಆಗಿದೆ ಅಂತ ಗೊತ್ತಾಯಿತು.

ತಪ್ಪು ಇರುವುದು ಕ್ರಮದಲ್ಲಿ. ಎಲ್ಲರೂ ಮೊದಲು ಊರುಗಳ ಪಟ್ಟಿ ಮಾಡುತ್ತಾರೆ. ಆಮೇಲೆ ಇರುವ ದಿನಗಳಲ್ಲಿ ಅವನ್ನೆಲ್ಲ ತುರುಕುತ್ತಾರೆ. ಗೈಡ್ ಯಾರು ಅಂತ ಯೋಚಿಸುವುದು ಕೊನೆಗೆ. ಇದನ್ನು ತಲೆಕೆಳಗು ಮಾಡಿ. ಮೊದಲು ತಿಂಗಳು, ಆಮೇಲೆ ರಾತ್ರಿಗಳು, ಆಮೇಲೆ ಜನ, ಆಮೇಲೆ ಗೈಡ್. ಟಿಕೆಟ್, ಚೀಲ ಎಲ್ಲ ಅದರ ನಂತರ.

ಶುರು ಮಾಡುವ ಮೊದಲು ನಾಲ್ಕು ವಸ್ತು ಕೈಯಲ್ಲಿರಲಿ: ಆ ವರ್ಷದ ಪೋಯ (ಹುಣ್ಣಿಮೆ ರಜೆ) ದಿನಗಳಿರುವ ಶ್ರೀಲಂಕಾ ಕ್ಯಾಲೆಂಡರ್, ಫೋನಿನಲ್ಲಿ ಮ್ಯಾಪ್, ಒಂದು ನೋಟ್‌ಬುಕ್, ಮತ್ತು ಗುಂಪಿನ ಪ್ರತಿಯೊಬ್ಬರ ಪಾಸ್‌ಪೋರ್ಟ್‌ನ ಪ್ರತಿ.

## ಹಂತ 1: ತಿಂಗಳು ನೋಡಿ ದಿಕ್ಕು ಆರಿಸಿ

ಶ್ರೀಲಂಕಾ ಚಿಕ್ಕ ದ್ವೀಪ. ಆದರೆ ಎರಡು ಮಳೆಗಾಲ ಇದೆ, ಎರಡೂ ಬೇರೆ ಬೇರೆ ಕಡೆ ಸುರಿಯುತ್ತವೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ. ಆಗ ಕೊಲಂಬೊ, ಗಾಲೆ ಮತ್ತು ಬೆಟ್ಟದ ಪಶ್ಚಿಮ ಭಾಗದಲ್ಲಿ ಮಳೆ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಈಶಾನ್ಯ ಮಾರುತ. ಆಗ ಟ್ರಿಂಕೋಮಲಿ ಮತ್ತು ಪೂರ್ವ ಕರಾವಳಿ ನೆನೆಯುತ್ತವೆ. ಅಕ್ಟೋಬರ್, ನವೆಂಬರ್‌ನಲ್ಲಿ ಎಲ್ಲ ಕಡೆಯೂ ಮಧ್ಯಾಹ್ನದ ಗುಡುಗು ಮಳೆ ಸಾಮಾನ್ಯ.

ಅಂದರೆ, ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗುವುದಾದರೆ ಸಿಗಿರಿಯ, ಕ್ಯಾಂಡಿ, ಬೆಟ್ಟ, ದಕ್ಷಿಣ ಕರಾವಳಿ. ಜೂನ್‌ನಿಂದ ಸೆಪ್ಟೆಂಬರ್ ಆದರೆ ಸಿಗಿರಿಯ, ಕ್ಯಾಂಡಿ ನೋಡಿ, ಸಮುದ್ರಕ್ಕೆ ಮಾತ್ರ ಪೂರ್ವಕ್ಕೆ ಹೋಗಿ. ಸಿಗಿರಿಯ ಹತ್ತಿರದ ಹಬರಣದಿಂದ ಟ್ರಿಂಕೋಮಲಿ ದೂರವೇನಿಲ್ಲ. ಮೇ ತಿಂಗಳಲ್ಲಿ ದಕ್ಷಿಣದ ಬೀಚ್ ರೂಮು ಅಗ್ಗವಾಗಿ ಸಿಕ್ಕಿತು ಅಂತ ಖುಷಿಪಡಬೇಡಿ. ಅಲ್ಲಿ ಸಮುದ್ರ ಒರಟಾಗಿರುತ್ತದೆ, ನೀರಿಗೆ ಇಳಿಯುವ ಹಾಗಿರುವುದಿಲ್ಲ.

ಇನ್ನು ಪೋಯ. ಪ್ರತಿ ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ. ಮದ್ಯ ಮಾರುವಂತಿಲ್ಲ, ಹಲವು ಅಂಗಡಿ ಮುಚ್ಚಿರುತ್ತವೆ. ಬಿಳಿ ಬಟ್ಟೆ ಉಟ್ಟ ಜನ ಬೌದ್ಧ ವಿಹಾರಗಳಿಗೆ ಬರುತ್ತಾರೆ. ತುಂಬಾ ಗುಂಪುಗಳು ಪೋಯ ದಿನವನ್ನು ಗಮನಿಸದೆ ಅವತ್ತೇ ದೂರದ ಪ್ರಯಾಣ ಇಟ್ಟುಕೊಂಡು ಟ್ರಾಫಿಕ್‌ನಲ್ಲಿ ಸಿಕ್ಕಿಬೀಳುತ್ತವೆ. ಪೋಯ ಬಂದರೆ ಅವತ್ತು ಎಲ್ಲಿಗೂ ಹೊರಡಬೇಡಿ. ಇರುವ ಊರಿನ ವಿಹಾರಕ್ಕೆ ಸಂಜೆ ನಡೆದು ಹೋಗಿ. ಹೂವಿನ ತಟ್ಟೆ, ಎಣ್ಣೆ ದೀಪ, ನೆಲದ ಮೇಲೆ ಕೂತ ಅಜ್ಜಿಯರು. ಸಂಸ್ಕೃತಿ ನೋಡಬೇಕು ಅಂತ ಹೋದವರಿಗೆ ಇದಕ್ಕಿಂತ ಒಳ್ಳೆಯ ಸಂಜೆ ಸಿಗುವುದಿಲ್ಲ. ಮೇ ತಿಂಗಳ ವೆಸಕ್ ಹುಣ್ಣಿಮೆಗೆ ಬೀದಿ ತುಂಬಾ ಗೂಡುದೀಪ ತೂಗುತ್ತವೆ. ದಾರಿಹೋಕರಿಗೆ ಪುಕ್ಕಟೆ ಊಟ ಬಡಿಸುವ ದನ್ಸಲಗಳೂ ಇರುತ್ತವೆ.

ತಪ್ಪಿಸಬೇಕಾದ ದಿನಗಳೂ ಇವೆ. ಏಪ್ರಿಲ್ 13, 14 ಸಿಂಹಳ ಮತ್ತು ತಮಿಳು ಹೊಸ ವರ್ಷ. ಡ್ರೈವರ್‌ಗಳು, ಅಡುಗೆಯವರು ಊರಿಗೆ ಹೋಗಿರುತ್ತಾರೆ, ಅಂಗಡಿ ಮುಚ್ಚಿರುತ್ತವೆ. ಬೆಟ್ಟದ ಊರು ನುವರ ಎಲಿಯ ಏಪ್ರಿಲ್ ಪೂರ್ತಿ ಜನರಿಂದ ತುಂಬಿರುತ್ತದೆ. ಜುಲೈ-ಆಗಸ್ಟ್‌ನಲ್ಲಿ ನಡೆಯುವ ಕ್ಯಾಂಡಿಯ ಎಸಳ ಪೆರಹೆರ ಮೆರವಣಿಗೆ ನೋಡುವ ಆಸೆ ಇದ್ದರೆ ಆ ವರ್ಷದ ದಿನಾಂಕ ಪ್ರಕಟವಾದ ಕೂಡಲೇ ರೂಮು ಹಿಡಿಯಿರಿ. ಆಸೆ ಇಲ್ಲದಿದ್ದರೆ ಆ ದಿನಗಳಲ್ಲಿ ಕ್ಯಾಂಡಿಯನ್ನು ಬಿಟ್ಟುಬಿಡಿ.

## ಹಂತ 2: ಊರು ಎಣಿಸಬೇಡಿ, ರಾತ್ರಿ ಎಣಿಸಿ

ಇಡೀ ಯೋಜನೆಯಲ್ಲಿ ಜಾಸ್ತಿ ಜನ ಎಡವುವ ಜಾಗ ಇದು. ಮ್ಯಾಪ್‌ನಲ್ಲಿ ಕಿಲೋಮೀಟರ್ ನೋಡಿ ದಿನ ಲೆಕ್ಕ ಹಾಕುತ್ತಾರೆ. ಕೊಲಂಬೊದಿಂದ ಕ್ಯಾಂಡಿಗೆ ಬರೀ 115 ಕಿ.ಮೀ. ಆದರೆ ಮೂರು ಗಂಟೆಗಿಂತ ಕಡಿಮೆಯಲ್ಲಿ ತಲುಪುವುದು ಕಷ್ಟ. ಕ್ಯಾಂಡಿಯಿಂದ ನುವರ ಎಲಿಯಕ್ಕೆ 80 ಕಿ.ಮೀ. ಒಳಗೇ ಇದೆ. ದಾರಿ ಪೂರ್ತಿ ತಿರುವು, ಸುಮಾರು ಮೂರು ಗಂಟೆ ಬೇಕು. ಎಕ್ಸ್‌ಪ್ರೆಸ್‌ವೇ ಬಿಟ್ಟರೆ ಉಳಿದ ಕಡೆ ಗಂಟೆಗೆ 35 ಕಿ.ಮೀ. ಅಂತ ಹಿಡಿಯಿರಿ. ಗುಂಪು ದೊಡ್ಡದಿದ್ದರೆ ಚಹಾ, ಶೌಚಾಲಯ ಅಂತ ನಿಲ್ಲುವುದಕ್ಕೆ ಇನ್ನೊಂದು ಗಂಟೆ ಸೇರಿಸಿ.

ನಾನು ಪಾಲಿಸುವ ಎರಡು ಕಟ್ಟುನಿಟ್ಟು ಇವೆ. ಒಂದು ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ವ್ಯಾನಿನಲ್ಲಿ ಕೂರುವಂತಿಲ್ಲ. ದೂರ ಪ್ರಯಾಣ ಮಾಡಿದ ಮರುದಿನ ಸೂಟ್‌ಕೇಸ್ ಮುಚ್ಚುವಂತಿಲ್ಲ.

9 ರಾತ್ರಿ ಇದ್ದರೆ ಹೀಗೆ ಹಂಚಿ:

- ಸಿಗಿರಿಯ ಅಥವಾ ಹಬರಣ: 3 ರಾತ್ರಿ
- ಕ್ಯಾಂಡಿ: 2 ರಾತ್ರಿ
- ನುವರ ಎಲಿಯ ಅಥವಾ 'ಎಲ್ಲ' ಅನ್ನುವ ಬೆಟ್ಟದ ಊರು, ಎರಡರಲ್ಲಿ ಒಂದು: 2 ರಾತ್ರಿ
- ಗಾಲೆ: 1 ರಾತ್ರಿ
- ನೆಗೊಂಬೊ: 1 ರಾತ್ರಿ, ಕೊನೆಗೆ

ಬೆಟ್ಟದಿಂದ ಗಾಲೆಗೆ ಇಳಿಯುವಾಗ ಮಾತ್ರ ಆ ಎರಡು ಕಟ್ಟುನಿಟ್ಟೂ ಸಡಿಲವಾಗುತ್ತವೆ: ಅವತ್ತು ನಾಲ್ಕು ಗಂಟೆ ಮೀರುತ್ತದೆ, ಮರುದಿನವೇ ಮತ್ತೆ ಹೊರಡಬೇಕು. ಅದಕ್ಕೇ ಮರುದಿನ ಗಾಲೆ ಕೋಟೆಯಲ್ಲಿ ಮಧ್ಯಾಹ್ನದವರೆಗೆ ಸುಮ್ನೆ ಅಡ್ಡಾಡಿ. ಆಮೇಲೆ ಎಕ್ಸ್‌ಪ್ರೆಸ್‌ವೇ ಹಿಡಿದು ನೆಗೊಂಬೊಗೆ ಹೋಗಿ.

7 ರಾತ್ರಿ ಮಾತ್ರ ಇದ್ದರೆ ಬೆಟ್ಟವನ್ನೂ ದಕ್ಷಿಣವನ್ನೂ ಬಿಡಿ. ಸಿಗಿರಿಯ 3, ಕ್ಯಾಂಡಿ 3, ನೆಗೊಂಬೊ 1. ಟೀ ತೋಟ ನೋಡಲು ನುವರ ಎಲಿಯವರೆಗೆ ಹತ್ತಲೇಬೇಕು ಅಂತೇನಿಲ್ಲ. ಕ್ಯಾಂಡಿ ಪಕ್ಕದ ಹಂತಾನೆಯಲ್ಲಿ ಟೀ ಮ್ಯೂಸಿಯಂ ಇದೆ, ಸುತ್ತ ತೋಟಗಳೂ ಇವೆ.

ಹಾಗೆಯೇ ಹಳೆಯ ರಾಜಧಾನಿಗಳಾದ ಅನುರಾಧಪುರ ಮತ್ತು ಪೊಲೊನ್ನರುವ ಎರಡನ್ನೂ ಹಿಡಿಯಬೇಡಿ. ಭಕ್ತರ ಜೊತೆ ಕೂತು ನೋಡುವ ಮನಸ್ಸಿದ್ದರೆ ಅನುರಾಧಪುರ. ಅಲ್ಲಿ ಜಯ ಶ್ರೀ ಮಹಾಬೋಧಿ ಮರದ ಕೆಳಗೆ ದಿನವೂ ಪೂಜೆ ನಡೆಯುತ್ತದೆ. ಹಾಳು ಪಟ್ಟಣವನ್ನು ಸೈಕಲ್ ಮೇಲೆ ನಿಧಾನವಾಗಿ ಸುತ್ತುವ ಇಷ್ಟ ಇದ್ದರೆ ಪೊಲೊನ್ನರುವ. ಗಲ್ ವಿಹಾರದ ಬಂಡೆಯಲ್ಲಿ ಕಡೆದ ಬುದ್ಧರ ಮುಂದೆ ಅರ್ಧ ಗಂಟೆ ಕೂರಲು ಪುರುಸೊತ್ತು ಇಟ್ಟುಕೊಳ್ಳಿ.

ಎಚ್ಚರಿಕೆಯ ಗುರುತು: ಏಜೆಂಟ್ ಕೊಟ್ಟ ಪಟ್ಟಿಯಲ್ಲಿ "ದಾರಿಯಲ್ಲಿ ನೋಡುವುದು" ಅನ್ನುವ ಮಾತು ಒಂದೇ ದಿನಕ್ಕೆ ಮೂರು ಸಲ ಬಂದಿದ್ದರೆ ಆ ದಿನ ನೀವು ಏನನ್ನೂ ನೋಡುವುದಿಲ್ಲ.

## ಹಂತ 3: ಗುಂಪನ್ನು ಹದ ಮಾಡಿ

8ರಿಂದ 12 ಜನ ಸರಿಯಾದ ಸಂಖ್ಯೆ. ಒಂದೇ ಮಿನಿ ಬಸ್ಸು ಸಾಕು, ಒಬ್ಬ ಗೈಡ್ ಧ್ವನಿ ಎಲ್ಲರಿಗೂ ಕೇಳುತ್ತದೆ, ಹಳ್ಳಿಯ ಮನೆಯಲ್ಲಿ ಎಲ್ಲರಿಗೂ ಜಾಗ ಆಗುತ್ತದೆ. 20 ಜನ ಆದರೆ ಬೆಟ್ಟದ ಕಿರಿದಾದ ದಾರಿಗೆ ದೊಡ್ಡ ಬಸ್ಸು ಹೋಗುವುದಿಲ್ಲ. ಹಳ್ಳಿ ಊಟವೂ ಮದುವೆ ಪಂಕ್ತಿಯ ಹಾಗೆ ಆಗಿಬಿಡುತ್ತದೆ.

ಹೊರಡುವ ಎರಡು ತಿಂಗಳ ಮೊದಲೇ ಎಲ್ಲರನ್ನೂ ಮೂರು ಪ್ರಶ್ನೆ ಕೇಳಿ, ಉತ್ತರ ಬರೆದುಕೊಳ್ಳಿ. ಮಂಡಿ ನೋವು ಇದೆಯಾ? ಎತ್ತರ ಕಂಡರೆ ತಲೆ ತಿರುಗುತ್ತದಾ? ಮೀನು, ಮೊಟ್ಟೆ ತಿನ್ನುತ್ತೀರಾ? ಸಿಗಿರಿಯದ ಬುಡದಲ್ಲಿ ನಿಂತು ಇದನ್ನು ಕೇಳಿದರೆ ತಡವಾಯಿತು ಅಂತಲೇ ಅರ್ಥ.

ದುಡ್ಡಿಗೆ ಒಂದು ಸಾಮಾನ್ಯ ಥೈಲಿ ಇಡಿ. ಚಹಾ, ಎಳನೀರು, ಟಿಪ್ಸು, ಚಪ್ಪಲಿ ಕಾಯುವವರಿಗೆ ಕೊಡುವ ಚಿಲ್ಲರೆ ಎಲ್ಲ ಅದರಿಂದಲೇ ಹೋಗಲಿ. ಥೈಲಿ ಹಿಡಿಯುವವರು ಒಬ್ಬರು, ಗೈಡ್ ಜೊತೆ ಮಾತಾಡುವವರು ಇನ್ನೊಬ್ಬರು. ಹತ್ತು ಜನ ಹತ್ತು ತರ ಹೇಳಿದರೆ ಗೈಡ್ ಕೊನೆಗೆ ಯಾರ ಮಾತನ್ನೂ ಕೇಳುವುದಿಲ್ಲ.

## ಹಂತ 4: ಗೈಡ್‌ನನ್ನು ಆರಿಸಿ, ಮಾತನ್ನು ಬರವಣಿಗೆಯಲ್ಲಿ ತಗೊಳ್ಳಿ

ಶ್ರೀಲಂಕಾ ಪ್ರವಾಸೋದ್ಯಮ ಅಭಿವೃದ್ಧಿ ಪ್ರಾಧಿಕಾರ ಗೈಡ್‌ಗಳಿಗೆ ಪರವಾನಗಿ ಕೊಡುತ್ತದೆ. ಅದರಲ್ಲಿ ಬೇರೆ ಬೇರೆ ದರ್ಜೆ ಇವೆ. ನ್ಯಾಷನಲ್ ಗೈಡ್ ದೇಶದ ಎಲ್ಲ ಕಡೆ ಜೊತೆಗಿದ್ದು ವಿವರಿಸುವವರು. ಶೋಫರ್ ಗೈಡ್ ಗಾಡಿಯನ್ನೂ ಓಡಿಸುತ್ತಾರೆ, ವಿವರಿಸುತ್ತಾರೆ ಕೂಡ. ಒಂದು ಪ್ರದೇಶಕ್ಕೆ ಅಥವಾ ಒಂದೇ ತಾಣಕ್ಕೆ ಸೀಮಿತವಾದ ಗೈಡ್‌ಗಳೂ ಇದ್ದಾರೆ. ನಾಲ್ಕೈದು ಜನಕ್ಕೆ ಶೋಫರ್ ಗೈಡ್ ಸಾಕು. ಎಂಟು ಜನ ದಾಟಿದರೆ ಡ್ರೈವರ್ ಬೇರೆ, ಗೈಡ್ ಬೇರೆ ಇರಲಿ. ಘಾಟಿ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದವರು ಹಿಂದೆ ತಿರುಗಿ ಕಥೆ ಹೇಳುವುದು ಯಾರಿಗೂ ಒಳ್ಳೆಯದಲ್ಲ.

ಫೋನಿನಲ್ಲಿ ಮಾತಾಡುವಾಗ ಇವನ್ನು ಕೇಳಿ:

1. ಪರವಾನಗಿ ಯಾವ ದರ್ಜೆಯದು, ಕಾರ್ಡಿನ ಫೋಟೊ ಕಳಿಸುತ್ತೀರಾ?
2. ಸಿಂಹಳ ಜೊತೆಗೆ ತಮಿಳು ಬರುತ್ತದಾ? ಟೀ ತೋಟದ ಲೈನ್ ಮನೆಗಳಲ್ಲಿ ಇರುವವರು ಬಹುಪಾಲು ತಮಿಳು ಮಾತಾಡುವವರು. ತಮಿಳು ಬಾರದ ಗೈಡ್ ಜೊತೆ ಹೋದರೆ ಅವರ ಬದುಕಿನ ಬಗ್ಗೆ ಏನೂ ತಿಳಿಯುವುದಿಲ್ಲ.
3. ಹಳ್ಳಿ ದಿನ ಯಾವ ಊರಲ್ಲಿ, ಯಾರ ಮನೆಯಲ್ಲಿ ಊಟ?
4. ಡ್ರೈವರ್‌ಗೆ ಊಟ, ಮಲಗುವ ಜಾಗ ಎಲ್ಲಿ? ಸರಿಯಾಗಿ ನಿದ್ದೆ ಮಾಡದ ಡ್ರೈವರ್ ಜೊತೆ ಬೆಟ್ಟ ಹತ್ತಬಾರದು. ಹೋಟೆಲಿನಲ್ಲಿ ಅವರಿಗೆ ಕೋಣೆ ಇಲ್ಲದಿದ್ದರೆ ಖರ್ಚು ನೀವೇ ಕೊಡಿ.
5. ಅಂಗಡಿಗಳಲ್ಲಿ ಎಷ್ಟು ಸಲ ನಿಲ್ಲಿಸುತ್ತೀರಿ?

ಐದನೆಯ ಪ್ರಶ್ನೆ ಕೇಳಲು ನಮ್ಮವರು ಸಂಕೋಚಪಡುತ್ತಾರೆ. ಸಂಕೋಚ ಬೇಡ. ಮಾತಳೆ ದಾರಿಯಲ್ಲಿ ಸಾಲು ಸಾಲು ಮಸಾಲೆ ತೋಟಗಳಿವೆ. ಕ್ಯಾಂಡಿಯಲ್ಲಿ ರತ್ನದ ಅಂಗಡಿ, ಬಾಟಿಕ್ ಅಂಗಡಿ. ಗುಂಪು ಕರೆತಂದವರಿಗೆ ಹಲವು ಅಂಗಡಿಗಳು ಕಮಿಷನ್ ಕೊಡುತ್ತವೆ. ಒಂದು ಸಲ ನಮ್ಮ ಗುಂಪು ಮಸಾಲೆ ತೋಟವೊಂದರಲ್ಲಿ ಎರಡು ಗಂಟೆ ಸಿಕ್ಕಿಕೊಂಡಿತು. ಎಣ್ಣೆ, ಲೇಹ, ಮಸಾಜ್ ಅಂತ ಬಿಡಲೇ ಇಲ್ಲ. ಅವತ್ತು ಸಂಜೆ ಕ್ಯಾಂಡಿಯ ಪೂಜೆ ತಪ್ಪಿತು. ಅದನ್ನೇ ನೋಡಲು ಅಷ್ಟು ದೂರ ಬಂದಿದ್ದ ಇಬ್ಬರು ಹಿರಿಯರ ಮುಖ ನನಗೆ ಇನ್ನೂ ನೆನಪಿದೆ.

ಹಾಗಾಗಿ ಈಗ ನಾನು ಬರೆದೇ ಕೊಡುತ್ತೇನೆ: "ಇಡೀ ಪ್ರವಾಸಕ್ಕೆ ಅಂಗಡಿಯಲ್ಲಿ ಒಂದೇ ನಿಲುಗಡೆ, 40 ನಿಮಿಷ, ಅದೂ ನಾವು ಕೇಳಿದ ದಿನ." ಇದರಿಂದ ಗೈಡ್‌ಗೆ ಆಗುವ ನಷ್ಟಕ್ಕೆ ದಿನದ ಸಂಬಳ ಸ್ವಲ್ಪ ಜಾಸ್ತಿ ಕೊಡುತ್ತೇವೆ ಅಂತ ಮೊದಲೇ ಹೇಳುತ್ತೇನೆ. ಒಳ್ಳೆಯ ಗೈಡ್‌ಗಳು ಇದನ್ನು ಸಂತೋಷದಿಂದ ಒಪ್ಪುತ್ತಾರೆ. ಒಪ್ಪದೆ ಮಾತು ತೇಲಿಸಿದರೆ ಬೇರೆಯವರನ್ನು ಹುಡುಕಿ.

## ಹಂತ 5: ಕಾಗದ, ಟಿಕೆಟ್, ದುಡ್ಡು

ಮೊದಲು ಇಟಿಎ, ಅಂದರೆ ಆನ್‌ಲೈನ್ ಪ್ರವೇಶ ಅನುಮತಿ. ಇದರ ಶುಲ್ಕ, ನಿಯಮ ಆಗಾಗ ಬದಲಾಗಿವೆ. ಆದ್ದರಿಂದ ಟಿಕೆಟ್ ಮಾಡಿಸುವ ವಾರದಲ್ಲೇ ಶ್ರೀಲಂಕಾ ಸರ್ಕಾರದ ಅಧಿಕೃತ ತಾಣದಲ್ಲಿ ನೋಡಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ತಾಣಗಳಲ್ಲಿ ಅರ್ಜಿ ಹಾಕಬೇಡಿ, ಅವು ಮಧ್ಯವರ್ತಿಗಳವು. ಪಾಸ್‌ಪೋರ್ಟ್ ಕನಿಷ್ಠ 6 ತಿಂಗಳು ಚಾಲ್ತಿಯಲ್ಲಿರಬೇಕು.

ಬೆಟ್ಟದ ರೈಲಿನ ಕಾಯ್ದಿರಿಸಿದ ಸೀಟು ಸಾಮಾನ್ಯವಾಗಿ 30 ದಿನ ಮೊದಲು ತೆರೆಯುತ್ತದೆ, ಬೇಗ ಖಾಲಿಯಾಗುತ್ತದೆ. ಹತ್ತು ಸೀಟು ಒಟ್ಟಿಗೆ ಬೇಕಿದ್ದರೆ ತೆರೆದ ದಿನವೇ ಹಿಡಿಯಬೇಕು. ಹವಾನಿಯಂತ್ರಿತ ಫಸ್ಟ್ ಕ್ಲಾಸಿನಲ್ಲಿ ಕಿಟಕಿ ತೆಗೆಯಲು ಬರುವುದಿಲ್ಲ. ಗಾಳಿ, ಟೀ ತೋಟದ ವಾಸನೆ ಬೇಕಾದರೆ ಸೆಕೆಂಡ್ ಕ್ಲಾಸ್ ರಿಸರ್ವ್ಡ್ ಒಳ್ಳೆಯದು. ಕ್ಯಾಂಡಿಯಿಂದ 'ಎಲ್ಲ'ದವರೆಗೆ ಆರೇಳು ಗಂಟೆ ಹಿಡಿಯುತ್ತದೆ, ಹಿರಿಯರಿಗೆ ಅದು ಜಾಸ್ತಿ. ನಾನಂತೂ ನುವರ ಎಲಿಯ ಹತ್ತಿರದ 'ನಾನು ಓಯ' ನಿಲ್ದಾಣದಿಂದ 'ಎಲ್ಲ'ಕ್ಕೆ ಮಾತ್ರ ಹತ್ತಿಸುತ್ತೇನೆ, ಸುಮಾರು ಮೂರು ಗಂಟೆ. ಸಾಮಾನು ವ್ಯಾನಿನಲ್ಲೇ ಇರಲಿ, ಡ್ರೈವರ್ ರಸ್ತೆಯಲ್ಲಿ ಬಂದು 'ಎಲ್ಲ'ದಲ್ಲಿ ಕಾಯುತ್ತಾರೆ.

ಆ ಹಳಿ ಮಳೆಗೆ ಮುಚ್ಚುವುದುಂಟು. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತ ಬಂದಾಗ ಗುಡ್ಡ ಕುಸಿದು ಹಳಿಗೆ ದೊಡ್ಡ ಹಾನಿಯಾಯಿತು. ಯಾವ ಭಾಗದಲ್ಲಿ ರೈಲು ಓಡುತ್ತಿದೆ ಅಂತ ಗೈಡ್‌ಗೆ ಕೇಳಿಯೇ ಟಿಕೆಟ್ ಮಾಡಿಸಿ. ಓಡದಿದ್ದರೆ ರಸ್ತೆಯಲ್ಲಿ ಹೋಗುವ ಯೋಜನೆ ಕೈಯಲ್ಲಿರಲಿ.

ಸಿಗಿರಿಯ, ಪೊಲೊನ್ನರುವದಂಥ ತಾಣಗಳಲ್ಲಿ ವಿದೇಶಿಯರ ದರ ಡಾಲರ್‌ನಲ್ಲಿ ಬರೆದಿರುತ್ತದೆ. ಸಾರ್ಕ್ ದೇಶಗಳ ಪಾಸ್‌ಪೋರ್ಟ್ ಇದ್ದವರಿಗೆ ರಿಯಾಯಿತಿ ಇದೆ. ಅದಕ್ಕೆ ಮೂಲ ಪಾಸ್‌ಪೋರ್ಟ್ ತೋರಿಸಬೇಕು. ಹೋಟೆಲ್ ಲಾಕರ್‌ನಲ್ಲಿ ಬಿಟ್ಟು ಬಂದರೆ ಪೂರ್ತಿ ದರ ಕೊಡಬೇಕಾಗುತ್ತದೆ. ಹೋಟೆಲ್ ಬಿಲ್ಲಿಗೆ ಸಾಮಾನ್ಯವಾಗಿ ಶೇ. 10 ಸೇವಾ ಶುಲ್ಕ, ಮೇಲೆ ತೆರಿಗೆ ಸೇರುತ್ತದೆ. ಹೇಳಿದ ದರದಲ್ಲಿ ಅದು ಸೇರಿದೆಯಾ ಅಂತ ಕೇಳಿ. ಶ್ರೀಲಂಕಾ ರೂಪಾಯಿಯ ಸಣ್ಣ ನೋಟುಗಳನ್ನು ಮೊದಲ ದಿನವೇ ಜೋಡಿಸಿಕೊಳ್ಳಿ.

## ಹಂತ 6: ಚೀಲದಲ್ಲಿ ಏನಿರಬೇಕು

ಭುಜ, ಮಂಡಿ ಮುಚ್ಚುವ ತಿಳಿ ಬಣ್ಣದ ಹತ್ತಿ ಬಟ್ಟೆ ಎರಡು ಜೊತೆ. ದಪ್ಪ ಕಾಲುಚೀಲ ಎರಡು ಜೊತೆ, ಯಾಕೆ ಅಂತ ಮುಂದೆ ಹೇಳುತ್ತೇನೆ. ಒಂದು ಸ್ವೆಟರ್, ಯಾಕಂದರೆ ನುವರ ಎಲಿಯ 1,868 ಮೀಟರ್ ಎತ್ತರದಲ್ಲಿದೆ, ರಾತ್ರಿ ಚಳಿ ಚೆನ್ನಾಗಿಯೇ ಇರುತ್ತದೆ. ಸೊಳ್ಳೆ ಮುಲಾಮು, ಟಾರ್ಚ್, ಘಾಟಿಯಲ್ಲಿ ವಾಂತಿ ತಡೆಯುವ ಮಾತ್ರೆ. ಬಹು ಬಗೆಯ ಪಿನ್ ಹಿಡಿಯುವ ಪ್ಲಗ್ ಅಡಾಪ್ಟರ್. ಇಷ್ಟು ಸಾಕು, ಸೂಟ್‌ಕೇಸ್ ಚಿಕ್ಕದಿರಲಿ.

## ಹಂತ 7: ಹಳ್ಳಿಯ ದಿನ

ಇಡೀ ಪ್ರವಾಸದಲ್ಲಿ ನನಗೆ ಅತಿ ಪ್ರೀತಿಯ ದಿನ ಇದು. ಕೆಡುವುದೂ ಇದೇ ಬೇಗ.

ಹಬರಣ, ಸಿಗಿರಿಯ ಸುತ್ತ ಕೆರೆ ಹಳ್ಳಿಗಳಿವೆ. ಕೆರೆಗೆ ಅಲ್ಲಿ ವೆವ ಅಂತಾರೆ. ಮೇಲಿನ ಕೆರೆ ತುಂಬಿ ಕೆಳಗಿನ ಕೆರೆಗೆ ಹರಿಯುವ ಏರ್ಪಾಟು. ಏರಿ ಕೆಳಗೆ ಗದ್ದೆ, ಗದ್ದೆ ಅಂಚಿಗೆ ಊರು. ಹಿರಿವಡುನ್ನದಂಥ ಊರುಗಳಲ್ಲಿ ಎತ್ತಿನ ಗಾಡಿ, ದೋಣಿ, ಊಟ ಸೇರಿಸಿದ ಎರಡು ಮೂರು ಗಂಟೆಯ ಕಾರ್ಯಕ್ರಮ ಸಿಗುತ್ತದೆ. ಕೆಟ್ಟದ್ದಲ್ಲ. ಆದರೆ ಬೆಳಿಗ್ಗೆ ಬಿಸಿಲೇರಿದ ಮೇಲೆ ಎಲ್ಲ ಗುಂಪುಗಳೂ ಒಟ್ಟಿಗೆ ಬರುತ್ತವೆ. ಒಂದು ಗಾಡಿ ಹಿಂದೆ ಇನ್ನೊಂದು ಗಾಡಿ, ಒಂದು ದೋಣಿ ಹಿಂದೆ ಇನ್ನೊಂದು ದೋಣಿ.

ಮೊದಲ ಕೆಲಸ, ಹೊತ್ತು ಬದಲಿಸಿ. ಆರೂವರೆಗೆ ಕೆರೆ ಏರಿ ಮೇಲೆ ಇರಿ. ಆಗ ಮೀನು ಹಿಡಿದವರು ದೋಣಿ ದಡಕ್ಕೆ ತರುತ್ತಿರುತ್ತಾರೆ, ಮಕ್ಕಳು ಬಿಳಿ ಯೂನಿಫಾರ್ಮ್ ಹಾಕಿಕೊಂಡು ಸ್ಕೂಲಿಗೆ ಹೊರಟಿರುತ್ತಾರೆ. ಗಾಡಿ ಬೇಡ, ಏರಿ ಮೇಲೆ ಒಂದು ಗಂಟೆ ನಡೆಯಿರಿ.

ಎರಡನೆಯದು, ಗದ್ದೆಯಲ್ಲಿ ಏನು ನಡೆಯುತ್ತಿದೆ ಅಂತ ತಿಳಿದು ಹೋಗಿ. ಅಲ್ಲಿ ಎರಡು ಬೆಳೆ. ಮಹ ಬೆಳೆಗೆ ಅಕ್ಟೋಬರ್-ನವೆಂಬರ್‌ನಲ್ಲಿ ಬಿತ್ತನೆ, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಲು. ಯಲ ಬೆಳೆಗೆ ಏಪ್ರಿಲ್-ಮೇ ಬಿತ್ತನೆ, ಆಗಸ್ಟ್-ಸೆಪ್ಟೆಂಬರ್ ಕೊಯ್ಲು. ಕೊಯ್ಲಿನ ಹೊತ್ತಿಗೆ ಹೋದರೆ ಕಣದ ಕೆಲಸ ನೋಡಬಹುದು. ಮಳೆ ನಂಬಿ ಮಾಡುವ ಹೊಲಗಳಿಗೆ ಹೇನ ಅಂತಾರೆ. ಅಲ್ಲಿ ಕುರಕ್ಕನ್ ಬೆಳೆಯುತ್ತಾರೆ, ಅದು ನಮ್ಮ ರಾಗಿಯೇ! ಮರದ ಮೇಲೆ ಅಟ್ಟಣೆ ಕಟ್ಟಿ ರಾತ್ರಿಯಿಡೀ ಆನೆ ಕಾಯುತ್ತಾರೆ. ಆ ಅಟ್ಟಣೆಯನ್ನು ಫೋಟೊ ತೆಗೆದುಕೊಳ್ಳುವ ಜಾಗ ಅಂದುಕೊಳ್ಳಬೇಡಿ. ನಿನ್ನೆ ರಾತ್ರಿ ಯಾರು ಕಾದರು, ಆನೆ ಬಂತಾ ಅಂತ ಗೈಡ್ ಮೂಲಕ ಕೇಳಿ. ಅಲ್ಲಿಂದ ಮಾತು ತಾನಾಗಿ ಶುರುವಾಗುತ್ತದೆ.

ಮೂರನೆಯದು, ಅಡುಗೆಗೆ ಮುಂಚೆಯೇ ಹೋಗಿ. ಹೆಚ್ಚಿನ ಗುಂಪುಗಳು ಬಡಿಸುವ ಹೊತ್ತಿಗೆ ಹೋಗಿ ತಾವರೆ ಎಲೆ ಮೇಲೆ ಉಂಡು ಎದ್ದು ಬರುತ್ತವೆ. ನೀವು ಒಂದೂವರೆ ಗಂಟೆ ಮೊದಲು ಹೋಗಿ, ಜೊತೆಗೆ ಕೂತು ಕಾಯಿ ತುರಿಯಿರಿ. ಹೆರೆಮಣೆಗೆ ಸಿಂಹಳದಲ್ಲೂ ಹಿರಮನೆ ಅಂತಲೇ ಹೇಳುತ್ತಾರೆ. ಒರಳು, ಒನಕೆ, ಮೊರ ಎಲ್ಲ ನೋಡಿದ ಕೂಡಲೇ ಗುರುತು ಸಿಗುತ್ತವೆ. ನಮ್ಮ ಗುಂಪಿನ ಅಮ್ಮಂದಿರು ಮತ್ತು ಆ ಮನೆಯಾಕೆ ಒಬ್ಬರ ಭಾಷೆ ಒಬ್ಬರಿಗೆ ಬಾರದೆಯೇ ಒಂದು ಗಂಟೆ ಮಾತಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಯಾವ ಗೈಡ್ ಕೂಡ ಅಂಥದ್ದನ್ನು ಮಾಡಿಸಲಾರ.

ಮಾತಿಗೆ ಎರಡು ಮೂರು ಪದ ಕಲಿತುಕೊಳ್ಳಿ. ಸಿಂಹಳದವರಿಗೆ "ಆಯುಬೋವನ್", ತಮಿಳರಿಗೆ "ವಣಕ್ಕಂ", ಧನ್ಯವಾದಕ್ಕೆ "ಸ್ತುತಿ". ದೊಡ್ಡ ಹೆಂಗಸರಿಗೆ ಅಕ್ಕ ಅಂದರೆ ಸಾಕು, ಅಲ್ಲೂ ಅಕ್ಕ ಅಕ್ಕನೇ. ದೊಡ್ಡ ಗಂಡಸರಿಗೆ ಅಯ್ಯ, ಚಿಕ್ಕ ಹುಡುಗನಿಗೆ ಮಲ್ಲಿ, ಚಿಕ್ಕ ಹುಡುಗಿಗೆ ನಂಗಿ.

ಚಪ್ಪಲಿ ಹೊರಗೆ ಬಿಡಿ. ಮಕ್ಕಳಿಗೆ ಚಾಕಲೇಟ್, ಪೆನ್ನು ಹಂಚಬೇಡಿ, ಅದು ಅವರನ್ನು ಪ್ರವಾಸಿಗರ ಹಿಂದೆ ಓಡುವ ಹಾಗೆ ಮಾಡುತ್ತದೆ. ಕೊಡುವ ಮನಸ್ಸಿದ್ದರೆ ಅಡುಗೆ ಮಾಡಿದವರ ಕೈಗೇ ದುಡ್ಡು ಕೊಡಿ. ಹಿರಿಯರಿಗೆ ವೀಳ್ಯದೆಲೆ ಕೊಟ್ಟು ನಮಸ್ಕರಿಸುವ ಪದ್ಧತಿ ಅಲ್ಲೂ ಇದೆ. ಒಂದು ಕವಳೆ ಎಲೆ ತೆಗೆದುಕೊಂಡು ಹೋದರೆ ಅವರ ಮುಖ ಅರಳುತ್ತದೆ.

ಎಚ್ಚರಿಕೆಯ ಗುರುತುಗಳು: ದೋಣಿಯಲ್ಲಿ ಲೈಫ್ ಜಾಕೆಟ್ ಇಲ್ಲ ಅಂದರೆ ಹತ್ತಬೇಡಿ. ಕೆರೆಯಲ್ಲಿ ಮೊಸಳೆ ಇರಬಹುದು, ಊರವರು ಇಳಿಯದ ಕಡೆ ನೀವೂ ಇಳಿಯಬೇಡಿ. ಹಬರಣ ಸುತ್ತಿನ ರಸ್ತೆಗಳಿಗೆ ಸಂಜೆ ಕಾಡಾನೆ ಬರುತ್ತವೆ. ಕತ್ತಲಾಗುವ ಮೊದಲು ರೂಮು ಸೇರಿ. ಆನೆ ನೋಡುವ ಆಸೆ ಇದ್ದರೆ ಆನೆ ಸವಾರಿ ಬೇಡ. ಜುಲೈನಿಂದ ಅಕ್ಟೋಬರ್‌ವರೆಗೆ ಮಿನ್ನೇರಿಯ ಕೆರೆಯ ನೀರು ಇಳಿದಾಗ ಹಸಿ ಹುಲ್ಲಿಗೆ ಆನೆ ಹಿಂಡುಗಳು ಬಂದು ಸೇರುತ್ತವೆ. ಅದನ್ನು ಜೀಪಿನಲ್ಲಿ ದೂರದಿಂದ ನೋಡಿ. ಆನೆಯ ದಾರಿ ಅಡ್ಡಗಟ್ಟಲು ಡ್ರೈವರ್ ಮುಂದಾದರೆ ಬೇಡ ಅಂತ ಗಟ್ಟಿಯಾಗಿ ಹೇಳಿ.

## ಹಂತ 8: ಸಿಗಿರಿಯ, ದಂಬುಲ್ಲ, ಕ್ಯಾಂಡಿ

ಸಿಗಿರಿಯಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ನಿಲ್ಲಿ. ಸುಮಾರು 1,200 ಮೆಟ್ಟಿಲು. ಒಂಬತ್ತರ ಮೇಲೆ ಬಂಡೆ ಕಾದು ಹಿರಿಯರಿಗೆ ತಲೆಸುತ್ತು ಬರುತ್ತದೆ. ಸಿಂಹದ ಪಂಜ ಇರುವ ಬಯಲಿನಲ್ಲಿ ಗುಂಪನ್ನು ಎರಡು ಮಾಡಿ. ಅಲ್ಲಿಂದ ಮುಂದೆ ಬಂಡೆಗೆ ಅಂಟಿದ ಕಬ್ಬಿಣದ ಮೆಟ್ಟಿಲು. ಎತ್ತರಕ್ಕೆ ಹೆದರುವವರು ಅಲ್ಲೇ ಕೂರಲಿ, ಹುರಿದುಂಬಿಸಿ ಹತ್ತಿಸಬೇಡಿ. ಕಣಜದ ಗೂಡುಗಳಿವೆ, ಸದ್ದು ಮಾಡಬೇಡಿ ಅನ್ನುವ ಫಲಕ ಇದೆ. ಅದು ನಿಜವಾದ ಎಚ್ಚರಿಕೆ, ಕೂಗಿ ಕರೆಯುವುದು ಬೇಡ. ಭಿತ್ತಿಚಿತ್ರಗಳ ಫೋಟೊ ತೆಗೆಯುವಂತಿಲ್ಲ.

ದಂಬುಲ್ಲದ ಐದು ಗುಹಾ ದೇವಾಲಯಗಳಿಗೆ ಚಪ್ಪಲಿ ಬಿಟ್ಟು ಹೋಗಬೇಕು. ಮಧ್ಯಾಹ್ನ ಅಂಗಳದ ಕಲ್ಲು ಅಂಗಾಲು ಸುಡುತ್ತದೆ. ಕಾಲುಚೀಲ ಬೇಕು ಅಂದದ್ದು ಇದಕ್ಕೇ. ಟಿಕೆಟ್ ಎಲ್ಲಿ ಕೊಡುತ್ತಾರೆ ಅಂತ ಕೆಳಗೇ ವಿಚಾರಿಸಿ. ಮೇಲೆ ಹತ್ತಿ ಮತ್ತೆ ಇಳಿದು ಬಂದವರನ್ನು ನೋಡಿದ್ದೇನೆ.

ಬುದ್ಧನ ದಂತ ಇಟ್ಟಿರುವ ಕ್ಯಾಂಡಿಯ ದಳದಾ ಮಾಳಿಗಾವದಲ್ಲಿ ದಿನಕ್ಕೆ ಮೂರು ಪೂಜೆ: ಬೆಳಿಗ್ಗೆ 5.30, 9.30, ಸಂಜೆ 6.30. ಸಂಜೆ ಪೂಜೆಗೆ ನೂಕುನುಗ್ಗಲು. ಮಂಡಿ ನೋವಿನವರು, ಮಕ್ಕಳು ಇದ್ದರೆ ಬೆಳಗಿನ ಜಾವದ ಪೂಜೆಗೆ ಹೋಗಿ. ತಮ್ಮಟದ ಸದ್ದು ಆ ನಿಶ್ಶಬ್ದದಲ್ಲಿ ಎದೆಗೆ ತಾಗುತ್ತದೆ.

ಎಲ್ಲ ವಿಹಾರಕ್ಕೂ ಒಂದು ನಿಯಮ: ಬುದ್ಧನಿಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳಬೇಡಿ. ಸೆಲ್ಫಿಯೂ ಬೇಡ. ಮೈಮೇಲೆ ಬುದ್ಧನ ಹಚ್ಚೆ ಇದ್ದರೆ ಮುಚ್ಚಿಕೊಳ್ಳಿ. 2014ರಲ್ಲಿ ತೋಳಿನ ಮೇಲೆ ಅಂಥ ಹಚ್ಚೆ ಇದ್ದ ಬ್ರಿಟನ್ನಿನ ಪ್ರವಾಸಿಯೊಬ್ಬರನ್ನು ದೇಶದಿಂದ ವಾಪಸ್ ಕಳಿಸಿದ್ದರು.

## ಹಂತ 9: ಊಟ, ಮುಖ್ಯವಾಗಿ ಸಸ್ಯಾಹಾರಿಗಳಿಗೆ

ಅನ್ನ, ಐದಾರು ತರಕಾರಿ ಪಲ್ಯ, ಬೇಳೆ, ಎಳೆ ಹಲಸಿನ ಪೊಲೊಸ್, ಒಂದೆಲಗ ಸೊಪ್ಪಿನ ಗೊಟುಕೊಳ. ನೋಡಿದರೆ ಎಲ್ಲ ಸಸ್ಯಾಹಾರವೇ ಅನ್ನಿಸುತ್ತದೆ. ಆದರೆ ಕಾಯಿತುರಿಯ ಪೊಲ್ ಸಂಬೋಲದಲ್ಲಿ, ಲುಣು ಮಿರಿಸ್‌ನಲ್ಲಿ, ಕೆಲವು ಪಲ್ಯಗಳಲ್ಲಿ ಉಂಬಲಕಡ ಇರುತ್ತದೆ. ಅದು ಒಣಗಿಸಿದ ಮೀನಿನ ಚೂರು. ನಮ್ಮವರು ಎರಡು ದಿನ ತಿಂದ ಮೇಲೆ ಗೊತ್ತಾಗಿ ಬೇಜಾರಾಗುವುದು ಇಲ್ಲೇ.

"ಸಸ್ಯಾಹಾರ" ಅಂತ ಮಾತ್ರ ಹೇಳಿದರೆ ಸಾಲದು. "ಮಾಳು ಎಪಾ, ಉಂಬಲಕಡ ಎಪಾ" ಅನ್ನಿ. ಎಪಾ ಅಂದರೆ ಬೇಡ. ಹಳ್ಳಿ ಊಟಕ್ಕೆ ಇದನ್ನು ಹಿಂದಿನ ದಿನವೇ ಹೇಳಿಸಬೇಕು, ಬೆಳಿಗ್ಗೆ ಹೇಳಿದರೆ ಸಂಬೋಲ ಆಗಲೇ ಅರೆದಾಗಿರುತ್ತದೆ. ತಮಿಳರು ನಡೆಸುವ ಶೈವ ಹೋಟೆಲುಗಳಲ್ಲಿ ಚಿಂತೆ ಇಲ್ಲ. ಅವು ಯಾವ ಊರಲ್ಲಿ, ಯಾವ ದಿನ ಸಿಗುತ್ತವೆ ಅಂತ ಗೈಡ್‌ನಿಂದ ಬರೆಸಿಕೊಳ್ಳಿ.

## ಹಂತ 10: ಬೆಟ್ಟದ ಎರಡು ದಿನ

ಟೀ ಕಾರ್ಖಾನೆಗೆ ವಾರದ ದಿನ ಬೆಳಿಗ್ಗೆ ಹೋಗಿ. ಭಾನುವಾರ ಸಾಮಾನ್ಯವಾಗಿ ಎಲೆ ಕೀಳುವುದಿಲ್ಲ, ಪೋಯಕ್ಕೂ ರಜೆ. ಎಲೆ ಕೀಳುವ ಹೆಂಗಸರಿಗೆ ಕೂಲಿ ಎಲೆಯ ತೂಕದ ಮೇಲೆ ನಿಂತಿರುತ್ತದೆ. ಫೋಟೊಗೆ ಅಂತ ಅವರನ್ನು ಐದು ನಿಮಿಷ ನಿಲ್ಲಿಸಿದರೆ ಅದು ಅವರ ದುಡಿಮೆಯ ಹೊತ್ತು. ಮೊದಲು ಕೇಳಿ, ಬೇಡ ಅಂದರೆ ಬಿಡಿ.

ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನ ನೋಡುವುದಾದರೆ ನುವರ ಎಲಿಯದಿಂದ ಬೆಳಿಗ್ಗೆ ಐದಕ್ಕೇ ಹೊರಡಿ. ಸುತ್ತು ಸುಮಾರು 9 ಕಿ.ಮೀ. ನಡಿಗೆ. ವರ್ಲ್ಡ್ಸ್ ಎಂಡ್ ಅಂಚಿನಲ್ಲಿ ನೇರ ಪ್ರಪಾತ, ಒಂಬತ್ತು ಹತ್ತರ ಹೊತ್ತಿಗೆ ಮಂಜು ಮುಚ್ಚಿ ಏನೂ ಕಾಣುವುದಿಲ್ಲ. ಪ್ಲಾಸ್ಟಿಕ್ ಕವರುಗಳನ್ನು ಬಾಗಿಲಲ್ಲೇ ತೆಗೆಸುತ್ತಾರೆ, ತಿಂಡಿಯನ್ನು ಡಬ್ಬಿಯಲ್ಲಿ ಹಾಕಿಕೊಳ್ಳಿ. ಅದೇ ದಿನ ರೈಲು ಇಟ್ಟುಕೊಳ್ಳಬೇಡಿ.

ರೈಲಿನ ಬಾಗಿಲಿಗೆ ಜೋತುಬಿದ್ದು ಫೋಟೊ ತೆಗೆಸಿಕೊಳ್ಳುವ ಹುಚ್ಚು ಬೇಡವೇ ಬೇಡ. ಜನ ಬಿದ್ದು ಸತ್ತಿದ್ದಾರೆ. ಗುಂಪಿನ ಹುಡುಗರಿಗೆ ಹಿಂದಿನ ರಾತ್ರಿಯೇ ಖಡಾಖಂಡಿತವಾಗಿ ಹೇಳಿ.

ಮಳೆ ಬಿದ್ದ ಕಾಡಿನಲ್ಲಿ ಜಿಗಣೆ ಇರುತ್ತವೆ. ಪ್ಯಾಂಟಿನ ತುದಿಯನ್ನು ದಪ್ಪ ಕಾಲುಚೀಲದೊಳಗೆ ಸೇರಿಸಿ. ಕಚ್ಚಿದರೆ ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಬೆಂಕಿ ತಾಗಿಸಬೇಡಿ.

## ಹಂತ 11: ಯೋಜನೆ ಬದಲಿಸಬೇಕಾದ ಹೊತ್ತು

ಬೆಟ್ಟದಲ್ಲಿ ಎರಡು ದಿನ ಬಿಡದೆ ಮಳೆ ಸುರಿದು ಗುಡ್ಡ ಕುಸಿತದ ಎಚ್ಚರಿಕೆ ಬಂದರೆ ಮೇಲೆ ಹತ್ತಬೇಡಿ. ಹೋಟೆಲ್ ದುಡ್ಡು ಹೋದರೆ ಹೋಗಲಿ, ಕ್ಯಾಂಡಿಯಲ್ಲೇ ಉಳಿಯಿರಿ. ಬೀಚಿನಲ್ಲಿ ಕೆಂಪು ಬಾವುಟ ಇದ್ದರೆ ಮಂಡಿ ಮಟ್ಟಕ್ಕೂ ಇಳಿಯಬೇಡಿ. ಡ್ರೈವರ್ ಆಕಳಿಸುತ್ತಾ ಪದೇ ಪದೇ ಕಣ್ಣು ಉಜ್ಜುತ್ತಿದ್ದರೆ ಗಾಡಿ ನಿಲ್ಲಿಸಿ, ಅರ್ಧ ಗಂಟೆ ಮಲಗಲು ಹೇಳಿ. ಯಾರಿಗಾದರೂ ಜ್ವರದ ಜೊತೆ ಕಣ್ಣಿನ ಹಿಂದೆ ನೋವು ಬಂದರೆ ಡೆಂಗಿ ಇರಬಹುದು. ತಾವಾಗಿ ಮಾತ್ರೆ ನುಂಗದೆ ಡಾಕ್ಟರ ಹತ್ತಿರ ಹೋಗಲಿ.

ಎಲ್ಲರ ಫೋನಿನಲ್ಲೂ ಮೂರು ನಂಬರ್ ಇರಲಿ: ಆಂಬ್ಯುಲೆನ್ಸ್ 1990, ಪೊಲೀಸ್ 119, ಪ್ರವಾಸಿ ಸಹಾಯವಾಣಿ 1912. ಆಂಬ್ಯುಲೆನ್ಸಿಗೆ ದುಡ್ಡು ಕೊಡಬೇಕಿಲ್ಲ.

ಕೊನೆಯ ರಾತ್ರಿ ನೆಗೊಂಬೊದಲ್ಲಿ ಇಡಿ ಅಂದದ್ದಕ್ಕೆ ಕಾರಣ ಇದೆ. ಕಟುನಾಯಕ ವಿಮಾನ ನಿಲ್ದಾಣ ಅಲ್ಲಿಂದ ತುಂಬಾ ಹತ್ತಿರ. ಬೆಟ್ಟದಿಂದ ಅಥವಾ ಗಾಲೆಯಿಂದ ಅದೇ ದಿನ ಹೊರಟು ವಿಮಾನ ಹಿಡಿಯುವ ಸಾಹಸದಲ್ಲಿ ಒಂದು ಟೈರ್ ಪಂಕ್ಚರ್ ಆದರೂ ಸಾಕು, ಎಲ್ಲರ ಟಿಕೆಟ್ ಹೋಗುತ್ತದೆ. ಹಿಂದಿನ ಸಂಜೆಯೇ ಡ್ರೈವರ್‌ಗೂ ಗೈಡ್‌ಗೂ ಬೇರೆ ಬೇರೆ ಲಕೋಟೆಯಲ್ಲಿ ಟಿಪ್ಸ್ ಕೊಡಿ. ಗಡಿಬಿಡಿಯಲ್ಲಿ ನಿಲ್ದಾಣದ ಬಾಗಿಲಲ್ಲಿ ಕೊಡಬೇಡಿ. ಅವರ ಜೊತೆ ಕೂತು ಒಂದು ಚಹಾ ಕುಡಿಯಿರಿ, ಹಳ್ಳಿ ಮನೆಯ ಫೋಟೊಗಳನ್ನು ಗೈಡ್ ಫೋನಿಗೆ ಕಳಿಸಿ. ಮುಂದಿನ ಸಲ ಆ ಕಡೆ ಹೋದಾಗ ಮನೆಯಾಕೆಗೆ ಅವರು ತೋರಿಸುತ್ತಾರೆ.